ಆಲ್ಟನ್ ಊರಿನ ನಾಲ್ಕು ಪ್ರೆಸ್ಸುಗಳು: ಸಂಪಾದಕ ಲವ್‌ಜಾಯ್ ಪ್ರಕರಣ

1838ರ ಜನವರಿ. ಅಮೆರಿಕದ ಇಲಿನಾಯ್ ರಾಜ್ಯದ ಆಲ್ಟನ್ ಊರಿನ ಕೋರ್ಟಿನಲ್ಲಿ ವಿಂತ್ರಾಪ್ ಗಿಲ್ಮನ್ ಎಂಬ ವ್ಯಾಪಾರಿಯ ವಿಚಾರಣೆ. ಅವನ ಮೇಲಿದ್ದ ಆರೋಪ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಅವನದೇ ಗೋದಾಮಿಗೆ ನುಗ್ಗಿ ಒಂದು ಅಚ್ಚಿನ ಯಂತ್ರ ಒಡೆದು ಹಾಕಲು ಗುಂಪೊಂದು ಬಂದಿತ್ತು. ಅವನು ತಡೆಯಲು ನೋಡಿದ್ದ. ಅದೇ ಅಪರಾಧ. ಒಡೆದವರ ಮೇಲೂ ಕೇಸಾಯಿತು, ಆದರೆ ತಡೆದವರದ್ದು ಮುಗಿದ ಮೇಲೆ. ಎರಡು ಕಡೆಯವರ ಮೇಲೂ ಹಾಕಿದ್ದು ದೊಂಬಿ ಕೇಸು, ಅಷ್ಟೇ. ಆ ರಾತ್ರಿ ಒಬ್ಬ ಪತ್ರಿಕೆ ಸಂಪಾದಕ ಐದು ಗುಂಡು ತಿಂದು ಸತ್ತಿದ್ದ. ಕೊಲೆ ಕೇಸು ಮಾತ್ರ ಯಾರ ಮೇಲೂ ಬೀಳಲಿಲ್ಲ.

ಸತ್ತವನ ಹೆಸರು ಎಲೈಜಾ ಲವ್‌ಜಾಯ್. ಗುಲಾಮಗಿರಿ ವಿರುದ್ಧ ಬರೆದ, ಪುಂಡರ ಗುಂಪು ಕೊಂದಿತು, ಹುತಾತ್ಮನಾದ ಅಂತ ಅವನ ಕಥೆಯನ್ನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಅದು ಸುಳ್ಳಲ್ಲ. ಆದರೆ ದಾಖಲೆಗಳನ್ನು ಒಂದಾದ ಮೇಲೊಂದು ಓದುತ್ತಾ ಹೋದರೆ ಪುಂಡರು ಬರುವುದು ಕೊನೆಯಲ್ಲಿ. ಅದಕ್ಕೂ ಮುಂಚೆ ವಕೀಲರು, ಪಾದ್ರಿಗಳು, ವ್ಯಾಪಾರಿಗಳು, ಒಬ್ಬ ಜಡ್ಜ್, ಒಬ್ಬ ಮೇಯರ್, ಒಬ್ಬ ಅಟಾರ್ನಿ ಜನರಲ್ ಬರುತ್ತಾರೆ. ಎಲ್ಲರೂ ಮರ್ಯಾದಸ್ಥರು. ಎಲ್ಲರೂ ಊರಿನ ಶಾಂತಿಗೋಸ್ಕರವೇ ಮಾತಾಡುತ್ತಾರೆ. ಈ ಪ್ರಕರಣದಲ್ಲಿ ನೋಡಬೇಕಾದದ್ದು ಇವರನ್ನೇ ಅಂತ ನನ್ನ ಅನಿಸಿಕೆ.

ಮೇಷ್ಟ್ರು, ಪಾದ್ರಿ, ಸಂಪಾದಕ

ಲವ್‌ಜಾಯ್ ಹುಟ್ಟಿದ್ದು 1802ರ ನವೆಂಬರ್ 9ರಂದು, ಈಗಿನ ಮೇನ್ ರಾಜ್ಯದ ಆಲ್ಬಿಯನ್‌ನಲ್ಲಿ. ಅಪ್ಪ ಪಾದ್ರಿ, ಜೊತೆಗೆ ಬೇಸಾಯ. ಹುಡುಗ ಓದಿನಲ್ಲಿ ಬಲು ಚುರುಕು, 1826ರಲ್ಲಿ ವಾಟರ್‌ವಿಲ್ ಕಾಲೇಜಿನಲ್ಲಿ ತರಗತಿಗೇ ಮೊದಲಿಗನಾಗಿ ಪಾಸಾದ. ಮರುವರ್ಷ ಪಶ್ಚಿಮಕ್ಕೆ ಹೊರಟು ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಸೇರಿದ. ಮೊದಲು ಮೇಷ್ಟ್ರ ಕೆಲಸ. 1830ರಲ್ಲಿ 'ಸೇಂಟ್ ಲೂಯಿಸ್ ಟೈಮ್ಸ್' ಪತ್ರಿಕೆಗೆ ಪಾಲುದಾರನಾಗಿ, ಸಂಪಾದಕನಾಗಿ ಬಂದ. ಅದು ಹೆನ್ರಿ ಕ್ಲೇ ಪರ, ಅಧ್ಯಕ್ಷ ಜಾಕ್ಸನ್ ವಿರುದ್ಧ ಬರೆಯುತ್ತಿದ್ದ ರಾಜಕೀಯ ಪತ್ರಿಕೆ.

ಮಿಸೌರಿಯಲ್ಲಿ ಗುಲಾಮಗಿರಿ ಕಾನೂನುಬದ್ಧ. ಲವ್‌ಜಾಯ್‌ನ ಅಚ್ಚುಕೂಟದಲ್ಲೇ ಬಾಡಿಗೆಗೆ ತಂದ ಗುಲಾಮ ಹುಡುಗನೊಬ್ಬ ಕೆಲಸ ಮಾಡುತ್ತಿದ್ದ. ಬಾಡಿಗೆ ಅಂದರೆ ಆ ದುಡ್ಡು ಹುಡುಗನಿಗಲ್ಲ, ಅವನ ಮಾಲೀಕನಿಗೆ. ಆ ಹುಡುಗ 1834ರ ಹೊಸ ವರ್ಷದ ದಿನ ತಪ್ಪಿಸಿಕೊಂಡು ಓಡಿಹೋಗಿ, ಮುಂದೆ ವಿಲಿಯಂ ವೆಲ್ಸ್ ಬ್ರೌನ್ ಅನ್ನೋ ಹೆಸರಾಂತ ಲೇಖಕನಾದ. 1847ರಲ್ಲಿ ಅಚ್ಚಾದ ತನ್ನ ಆತ್ಮಕಥೆಯಲ್ಲಿ, ನಾನು ಕಂಡ ಯಜಮಾನರಲ್ಲೆಲ್ಲ ಲವ್‌ಜಾಯ್ ಒಳ್ಳೆಯವನು, ಗುಲಾಮನಾಗಿದ್ದಾಗ ನಾನು ಕಲಿತ ನಾಲ್ಕಕ್ಷರ ಆ ಅಚ್ಚುಕೂಟದ ಋಣ ಎಂಬರ್ಥದಲ್ಲಿ ಬರೆದ. ಒಳ್ಳೆಯ ಯಜಮಾನ, ನಿಜ. ಆದರೂ ಯಜಮಾನ ತಾನೇ. 1830ರಲ್ಲಿ ಲವ್‌ಜಾಯ್‌ಗೆ ಗುಲಾಮಗಿರಿ ಅಂತಹ ದೊಡ್ಡ ವಿಷಯವೇ ಆಗಿರಲಿಲ್ಲ.

1832ರಲ್ಲಿ ಒಂದು ಧಾರ್ಮಿಕ ಸಭೆಗೆ ಹೋದವನು ಪೂರ್ತಿ ಬದಲಾಗಿಬಿಟ್ಟ. ಪತ್ರಿಕೆ ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಗಿ ಪಾದ್ರಿಯಾಗಲು ಓದಿದ. ವಾಪಸ್ಸು ಬಂದು 1833ರ ನವೆಂಬರ್ 22ರಂದು 'ಸೇಂಟ್ ಲೂಯಿಸ್ ಅಬ್ಸರ್ವರ್' ಎಂಬ ಧಾರ್ಮಿಕ ವಾರಪತ್ರಿಕೆ ಶುರುಮಾಡಿದ. ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಆ ಪತ್ರಿಕೆಯಲ್ಲಿ ಅವನು ಕ್ಯಾಥೊಲಿಕರ ಮೇಲೆ ಕಾರಿದ ದ್ವೇಷ ಓದಿದರೆ ಈಗಲೂ ಮುಜುಗರ ಆಗುತ್ತದೆ. ಸೇಂಟ್ ಲೂಯಿಸ್‌ನಲ್ಲಿ ಕ್ಯಾಥೊಲಿಕರು ಬಹಳ, ಹಳೆಯ ಫ್ರೆಂಚ್ ಮನೆತನಗಳು, ಹೊಸದಾಗಿ ಬಂದ ಐರಿಷರು. ಗುಲಾಮಗಿರಿಯ ಬಗ್ಗೆ ಬಾಯಿ ತೆರೆಯುವ ಹೊತ್ತಿಗೆ ಅವನು ಅರ್ಧ ಊರಿನ ಸಿಟ್ಟು ಕಟ್ಟಿಕೊಂಡಾಗಿತ್ತು. ಅವನನ್ನು ಬರೀ ದೇವರಪಟ ಮಾಡಿ ಗೋಡೆಗೆ ನೇತುಹಾಕುವವರು ಈ ಭಾಗ ಹಾರಿಸಿಬಿಡುತ್ತಾರೆ.

ಗುಲಾಮಗಿರಿಯ ವಿಷಯದಲ್ಲೂ ಅವನು ಶುರುವಿನಲ್ಲಿ ಉಗ್ರನಲ್ಲ. ನಿಧಾನಕ್ಕೆ, ಹಂತಹಂತವಾಗಿ ಬಿಡುಗಡೆ ಆಗಲಿ ಅನ್ನುತ್ತಿದ್ದ. ತಕ್ಷಣ ಬಿಡುಗಡೆ ಕೇಳುವ ಬಾಸ್ಟನ್‌ನ ಗ್ಯಾರಿಸನ್ ಗುಂಪು ಅವನಿಗೆ ಇಷ್ಟವಿರಲಿಲ್ಲ. ಅಷ್ಟು ಮೆತ್ತಗಿನ ಬರಹವೂ ಸೇಂಟ್ ಲೂಯಿಸ್‌ಗೆ ಜಾಸ್ತಿಯಾಯಿತು.

ಮೊದಲ ಕಾಗದ

1835ರ ಅಕ್ಟೋಬರ್‌ನಲ್ಲಿ ಊರಿನ ಕೆಲವು ಗಣ್ಯರು ಸಹಿ ಹಾಕಿದ ಕಾಗದವೊಂದು ಅವನ ಕೈಗೆ ಬಂತು. ಬೆದರಿಕೆ ಪತ್ರವಲ್ಲ. ಬರೆದವರು ಅವನ ಹಿತೈಷಿಗಳೇ, ಕೆಲವರು ಅದೇ ಚರ್ಚಿನವರು. ಜನ ಕೆರಳಿದ್ದಾರೆ, ಕಾಲ ಸರಿಯಿಲ್ಲ, ಗುಲಾಮಗಿರಿ ವಿಷಯ ಸದ್ಯಕ್ಕೆ ಬಿಡು ಅನ್ನೋ ಸಲಹೆ. ಸಹಿ ಹಾಕಿದವರಲ್ಲಿ ಹ್ಯಾಮಿಲ್ಟನ್ ಗ್ಯಾಂಬಲ್ ಎಂಬ ವಕೀಲನೂ ಇದ್ದ. ಈ ಹೆಸರು ನೆನಪಿಟ್ಟುಕೊಳ್ಳಿ.

ಅದೇ ದಿನಗಳಲ್ಲಿ ಊರಿನಲ್ಲಿ ಸಾರ್ವಜನಿಕ ಸಭೆ ನಡೆದು ನಿರ್ಣಯಗಳಾದವು. ವಾಕ್ ಸ್ವಾತಂತ್ರ್ಯ ಇದೆ, ಆದರೆ ಗುಲಾಮಗಿರಿ ಬಗ್ಗೆ ಮನಸ್ಸಿಗೆ ಬಂದಂತೆ ಚರ್ಚಿಸುವ ನೈತಿಕ ಹಕ್ಕು ಅದರಲ್ಲಿ ಸೇರಿಲ್ಲ ಅನ್ನುವುದು ಅವುಗಳ ಸಾರ. ಸ್ವಾತಂತ್ರ್ಯ ಪೂರ್ತಿ ಇದೆ, ಈ ಒಂದು ವಿಷಯ ಬಿಟ್ಟು. ಆ ಹೊತ್ತಿಗೆ ಊರಿನಲ್ಲಿ ಮಾತಾಡಬೇಕಾಗಿದ್ದ ವಿಷಯವೂ ಅದೊಂದೇ, ಅಲ್ವಾ?

ಲವ್‌ಜಾಯ್ ನವೆಂಬರ್‌ನಲ್ಲಿ ಪತ್ರಿಕೆಯಲ್ಲೇ ಉದ್ದನೆಯ ಉತ್ತರ ಕೊಟ್ಟ. ಇವತ್ತು ಇದೊಂದು ವಿಷಯ ಬಿಟ್ಟುಕೊಟ್ಟರೆ ನಾಳೆ ಇನ್ನೊಂದು ಬಿಡು ಅನ್ನುತ್ತೀರಿ, ಆಗ ನಾನು ಎಲ್ಲಿ ನಿಲ್ಲಲಿ ಅನ್ನುವುದು ಅವನ ವಾದ. ಆ ಕಾಗದವನ್ನು ಮಾತ್ರ ಹರಿದು ಹಾಕಲಿಲ್ಲ. ಎರಡು ವರ್ಷ ಜೋಪಾನ ಮಾಡಿ, ಸಾಯುವುದಕ್ಕೆ ಸುಮಾರು ಎರಡು ವಾರ ಮುಂಚೆ ಅದರ ಮೇಲೆಯೇ ಟಿಪ್ಪಣಿ ಬರೆದ: ಇದರಲ್ಲಿ ಹೇಳಿದ್ದಕ್ಕೆ ನಾನು ಒಪ್ಪಲಿಲ್ಲ, ಅಂದಿನಿಂದ ಕಿರುಕುಳ ಅನುಭವಿಸುತ್ತಲೇ ಇದ್ದೇನೆ, ಆದರೆ ಮನಸ್ಸಾಕ್ಷಿ ಶುದ್ಧವಾಗಿದೆ.

ಗುಂಪಿಗೆ ಕಾನೂನಿಲ್ಲ ಎಂದ ಜಡ್ಜ್

1836ರ ಏಪ್ರಿಲ್ 28ರಂದು ಸೇಂಟ್ ಲೂಯಿಸ್‌ನಲ್ಲಿ ಫ್ರಾನ್ಸಿಸ್ ಮೆಕಿಂಟಾಷ್ ಎಂಬುವನನ್ನು ಪೊಲೀಸರು ಹಿಡಿದರು. ಮಿಶ್ರ ವರ್ಣದವನು, ಗುಲಾಮನಲ್ಲ, ಸ್ವತಂತ್ರ. 'ಫ್ಲೋರಾ' ಅನ್ನೋ ಹಬೆದೋಣಿಯಲ್ಲಿ ಕೆಲಸ. ಜೈಲಿಗೆ ಒಯ್ಯುವಾಗ ಅವನು ಚಾಕು ತೆಗೆದು ಒಬ್ಬ ಅಧಿಕಾರಿಯನ್ನು ಕೊಂದ, ಇನ್ನೊಬ್ಬನನ್ನು ಗಾಯಗೊಳಿಸಿದ. ಗುಂಪು ಜೈಲಿಗೆ ನುಗ್ಗಿ ಅವನನ್ನು ಎಳೆದು ತಂದು, ಮರಕ್ಕೆ ಸರಪಳಿಯಿಂದ ಕಟ್ಟಿ, ಕಾಲ ಬುಡದಲ್ಲಿ ಸೌದೆ ಪೇರಿಸಿ ಜೀವಂತ ಸುಟ್ಟುಹಾಕಿತು. ಹಾಡುಹಗಲಿನಂತೆ ಎಲ್ಲರೂ ನೋಡುತ್ತಿರುವಾಗಲೇ.

ವಿಷಯ ಗ್ರ್ಯಾಂಡ್ ಜ್ಯೂರಿ, ಅಂದರೆ ಕೇಸು ಹಾಕಬೇಕೋ ಬೇಡವೋ ಅಂತ ತೀರ್ಮಾನಿಸುವ ಊರಿನವರ ಮಂಡಳಿ, ಮುಂದೆ ಬಂತು. ಜಡ್ಜ್ ಹೆಸರು ಲ್ಯೂಕ್ ಲಾಲೆಸ್. ಅವನು ಜ್ಯೂರಿಗೆ ಹೇಳಿದ್ದರ ತಾತ್ಪರ್ಯ ಇಷ್ಟು: ಕೆಲವೇ ಜನ ಮಾಡಿದ್ದಾದರೆ ಕೇಸು ಹಾಕಿ. ಸಾವಿರಾರು ಜನ ಯಾವುದೋ ನಿಗೂಢವಾದ, ವಿದ್ಯುತ್ತಿನಂತಹ ಉನ್ಮಾದಕ್ಕೆ ಸಿಕ್ಕಿ ಮಾಡಿದ್ದಾದರೆ ಅದು ಮನುಷ್ಯರ ಕಾನೂನಿನ ಕೈಗೆ ಸಿಗುವಂಥದ್ದಲ್ಲ. ಅಷ್ಟಕ್ಕೇ ನಿಲ್ಲಿಸದೆ, ಕರಿಯರನ್ನು ಕೆರಳಿಸುವ ಬರಹಗಳೇ ಇದಕ್ಕೆಲ್ಲ ಮೂಲ ಅಂತ ಅಬ್ಸರ್ವರ್ ಕಡೆ ಬೆರಳು ತೋರಿಸಿದ. ಯಾರ ಮೇಲೂ ಕೇಸಾಗಲಿಲ್ಲ.

ಇದನ್ನು ಸ್ವಲ್ಪ ನಿಧಾನಕ್ಕೆ ಓದಿ. ಜನ ಜಾಸ್ತಿ ಸೇರಿದಷ್ಟೂ ತಪ್ಪು ಕಮ್ಮಿ ಅಂತ ಜಡ್ಜ್ ಕೂತು ಹೇಳಿದ ಹಾಗಾಯಿತು. ಮುಂದೆ ಆಲ್ಟನ್‌ನಲ್ಲಿ ಗೋದಾಮಿನ ಮುಂದೆ ಸೇರಿದ ಪ್ರತಿಯೊಬ್ಬನಿಗೂ ಈ ಪಾಠ ಬಾಯಿಪಾಠವಾಗಿತ್ತು ಅನ್ನಿಸುತ್ತದೆ.

ಲವ್‌ಜಾಯ್ ಲಾಲೆಸ್‌ನನ್ನು ಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಜಾಡಿಸಿದ. ತರ್ಕವನ್ನು ಜಾಡಿಸಿದ್ದರೆ ಸಾಕಿತ್ತು, ಜಡ್ಜ್ ಐರಿಷ್ ಕ್ಯಾಥೊಲಿಕ್ ಅನ್ನುವುದನ್ನೂ ಎಳೆದು ತಂದ. ಜುಲೈನಲ್ಲಿ ಅವನ ಕಚೇರಿಗೆ ನುಗ್ಗಿ ಸಿಕ್ಕಿದ್ದನ್ನು ಒಡೆದು ಹಾಕಿದರು. ಅಷ್ಟು ಹೊತ್ತಿಗೆ ಅವನು ಆಲ್ಟನ್‌ಗೆ ಹೋಗುವುದಾಗಿ ತೀರ್ಮಾನಿಸಿದ್ದ.

ಆಚೆ ದಡದ ಊರು

ಆಲ್ಟನ್ ಇರುವುದು ಮಿಸ್ಸಿಸಿಪ್ಪಿ ನದಿಯ ಆಚೆ ದಡದಲ್ಲಿ, ಸೇಂಟ್ ಲೂಯಿಸ್‌ಗಿಂತ ಮೇಲೆ ಸುಮಾರು 40 ಕಿಲೋಮೀಟರ್ ದೂರ. ಇಲಿನಾಯ್ ಗುಲಾಮಗಿರಿ ಇಲ್ಲದ ರಾಜ್ಯ. ಹೆಸರಿಗೆ. ಜನ ಬಹುಪಾಲು ದಕ್ಷಿಣದ ರಾಜ್ಯಗಳಿಂದ ಬಂದವರು, ವ್ಯಾಪಾರವೆಲ್ಲ ನದಿಯ ಮೇಲೆ, ಅಂದರೆ ಗುಲಾಮರಿರುವ ರಾಜ್ಯಗಳ ಜೊತೆ. 1837ರ ಜನವರಿಯಲ್ಲಿ ಇದೇ ರಾಜ್ಯದ ಶಾಸನಸಭೆ ಗುಲಾಮಗಿರಿ ವಿರೋಧಿ ಸಂಘಗಳನ್ನು ಖಂಡಿಸುವ ನಿರ್ಣಯ ತಂದಾಗ ಕೆಳಮನೆಯಲ್ಲಿ ಪರವಾಗಿ 77, ವಿರುದ್ಧ 6 ಮತ ಬಿದ್ದವು. ಆ ಆರರಲ್ಲಿ ಒಬ್ಬ ಅಬ್ರಹಾಂ ಲಿಂಕನ್, ಆಗಿನ್ನೂ ಹೊಸ ಹುಡುಗ.

1836ರ ಜುಲೈನಲ್ಲಿ ಲವ್‌ಜಾಯ್‌ನ ಪ್ರೆಸ್ಸು ಆಲ್ಟನ್ ದಡಕ್ಕೆ ಬಂದಿಳಿದದ್ದು ಒಂದು ಭಾನುವಾರ. ಪಾದ್ರಿ ಅಲ್ವಾ, ಭಾನುವಾರ ಸಾಮಾನು ಸಾಗಿಸುವುದಿಲ್ಲ ಅಂತ ದಂಡೆಯಲ್ಲೇ ಬಿಟ್ಟ. ರಾತ್ರಿ ಯಾರೋ ಅದನ್ನು ನದಿಗೆ ದಬ್ಬಿದರು. ಊರಿನವರು ನಾಚಿಕೊಂಡು ಸಭೆ ಸೇರಿ, ಹೊಸ ಪ್ರೆಸ್ಸಿಗೆ ನಾವೇ ದುಡ್ಡು ಹಾಕುತ್ತೇವೆ ಅಂದರು. ಆ ಸಭೆಯಲ್ಲಿ ಲವ್‌ಜಾಯ್ ಹೇಳಿದ ಒಂದು ಮಾತು ಮುಂದೆ ಅವನ ಕುತ್ತಿಗೆಗೆ ಬಂತು. ಗುಲಾಮಗಿರಿ ಇಲ್ಲದ ರಾಜ್ಯಕ್ಕೆ ಬಂದಿದ್ದೇನೆ, ಇಲ್ಲಿ ಆ ವಿಷಯ ಅಷ್ಟಾಗಿ ಬರೆಯುವ ಅಗತ್ಯ ಬೀಳಲಿಕ್ಕಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ದ. ಜೊತೆಗೆ, ಬೇಕೆನಿಸಿದ್ದನ್ನು ಬರೆಯುವ ಹಕ್ಕು ನನ್ನದೇ ಅಂತಲೂ ಹೇಳಿದ್ದ. ಸಭೆಯಲ್ಲಿದ್ದ ಹಲವರು ಮುಂದೆ ಇದಕ್ಕೆ ಲಿಖಿತ ಸಾಕ್ಷಿ ಕೊಟ್ಟರು. ಆದರೆ ಊರು ನೆನಪಿಟ್ಟುಕೊಂಡದ್ದು ಮೊದಲ ಅರ್ಧ ಮಾತ್ರ. ಪಾದ್ರಿ ಮಾತು ಕೊಟ್ಟು ತಪ್ಪಿದ ಅನ್ನುವುದೇ ಕೊನೆಯ ತನಕ ಅವರ ದೂರು.

ಸೆಪ್ಟೆಂಬರ್ 8ಕ್ಕೆ 'ಆಲ್ಟನ್ ಅಬ್ಸರ್ವರ್' ಹೊರಬಂತು. ಒಂದು ವರ್ಷ ಹೇಗೋ ನಡೆಯಿತು. ಮೆಕಿಂಟಾಷ್ ಸುಟ್ಟ ಮೇಲೆ ಲವ್‌ಜಾಯ್ ಮೊದಲಿನ ಹಾಗಿರಲಿಲ್ಲ. ನಿಧಾನಕ್ಕೆ ಅನ್ನೋ ಮಾತು ಬಿಟ್ಟು ಗ್ಯಾರಿಸನ್ ಹೇಳುತ್ತಿದ್ದ ಕಡೆಗೇ ವಾಲಿದ. 1837ರ ಜುಲೈನಲ್ಲಿ, ಇಲಿನಾಯ್‌ಗೆ ಒಂದು ಗುಲಾಮಗಿರಿ ವಿರೋಧಿ ಸಂಘ ಬೇಕು ಅಂತ ಬರೆದ. ಅದೇ ವರ್ಷ ದೇಶದಲ್ಲೆಲ್ಲ ಬ್ಯಾಂಕುಗಳು ಕುಸಿದು ವ್ಯಾಪಾರ ನೆಲಕಚ್ಚಿತ್ತು. ಮೊದಲೇ ಕಂಗಾಲಾಗಿದ್ದ ವ್ಯಾಪಾರಿಗಳಿಗೆ ಈ ಪತ್ರಿಕೆಯಿಂದ ಊರಿನ ಹೆಸರು ಕೆಟ್ಟು ದಕ್ಷಿಣದ ಗಿರಾಕಿಗಳು ಕೈಬಿಟ್ಟರೆ ಅನ್ನೋ ಭಯ.

ಆಗಸ್ಟ್ 21ರ ರಾತ್ರಿ ನಡೆದದ್ದನ್ನು ಅವನೇ ತನ್ನ ತಾಯಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಊರಾಚೆ ಒಂದು ಮದುವೆ ಮಾಡಿಸಿ, ದಾರಿಯಲ್ಲಿ ಔಷಧಿ ಅಂಗಡಿಗೆ ಹೋಗಿ, ಕಾಯಿಲೆ ಬಿದ್ದಿದ್ದ ಹೆಂಡತಿ ಸೀಲಿಯಾಗೆ ಔಷಧಿ ತೆಗೆದುಕೊಂಡು ಮನೆಗೆ ಹೊರಟಿದ್ದ. ದಾರಿಯಲ್ಲಿ ಗುಂಪು ಸುತ್ತುವರಿಯಿತು. ಮೈಗೆ ಟಾರು ಬಳಿದು, ಪುಕ್ಕ ಮೆತ್ತಿ, ದೋಣಿಯಲ್ಲಿ ಕೂರಿಸಿ ನದಿಗೆ ಬಿಡುವುದು ಅವರ ಯೋಚನೆ. ಲವ್‌ಜಾಯ್ ಒಂದೇ ಒಂದು ಕೇಳಿಕೊಂಡ. ನಿಮ್ಮಲ್ಲೊಬ್ಬರು ಈ ಔಷಧಿಯನ್ನು ನನ್ನ ಹೆಂಡತಿಗೆ ತಲುಪಿಸಿ, ಅವಳಿಗೆ ಗಾಬರಿಯಾಗದ ಹಾಗೆ. ಒಬ್ಬ ಒಪ್ಪಿಕೊಂಡು ಔಷಧಿ ಕೈಗೆ ತೆಗೆದುಕೊಂಡ. ಆಮೇಲೆ ಇವನು, ಈಗ ನಾನು ನಿಮ್ಮ ಕೈಯಲ್ಲಿದ್ದೇನೆ, ದೇವರು ಬಿಟ್ಟಷ್ಟು ಮಾಡಿ ಅಂದ. ಅವರಿಗೆ ಏನನ್ನಿಸಿತೋ, ಬಿಟ್ಟುಬಿಟ್ಟರು. ಅದೇ ರಾತ್ರಿ ಕಚೇರಿಗೆ ಕಲ್ಲು ತೂರಿ ಎರಡನೇ ಪ್ರೆಸ್ಸನ್ನು ಪುಡಿಮಾಡಿದರು.

ಮೂರನೆಯದು ಸೆಪ್ಟೆಂಬರ್ 21ಕ್ಕೆ ಬಂತು. ಲವ್‌ಜಾಯ್ ಊರಿನಲ್ಲಿರಲಿಲ್ಲ. ಮೇಯರ್ ಜಾನ್ ಕ್ರಮ್ ಒಬ್ಬ ಕಾನ್‌ಸ್ಟೇಬಲ್‌ನನ್ನು ಕಾವಲಿಗೆ ಹಾಕಿದ. ಅವನ ಪಾಳಿ ಮುಗಿದು ಮನೆಗೆ ಹೋದದ್ದೇ ತಡ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡ ಹತ್ತು ಹನ್ನೆರಡು ಜನ ಬಂದರು. ಪ್ರೆಸ್ಸನ್ನು ನದಿ ದಂಡೆಗೆ ಉರುಳಿಸಿ, ಒಡೆದು, ನೀರಿಗೆ ಹಾಕಿದರು. ಮೇಯರ್ ಬಂದು ಚದುರಿ ಅಂದ. ಸ್ವಲ್ಪ ಕೆಲಸ ಬಾಕಿಯಿದೆ, ಮುಗಿಸಿ ಹೋಗುತ್ತೇವೆ ಅಂದರು. ಇಷ್ಟು ಸದ್ದಿಲ್ಲದ, ಇಷ್ಟು ಸಭ್ಯವಾದ ಗುಂಪನ್ನು ನಾನು ನೋಡಿಯೇ ಇಲ್ಲ ಅಂತ ಮೇಯರ್ ಆಮೇಲೆ ಹೇಳಿದನಂತೆ.

ಅಕ್ಟೋಬರ್ ಶುರುವಿನಲ್ಲಿ ಅತ್ತೆ ಮನೆಯಿದ್ದ ಸೇಂಟ್ ಚಾರ್ಲ್ಸ್‌ನಲ್ಲಿ ಇನ್ನೊಂದು ಗುಂಪು ಮನೆಗೇ ನುಗ್ಗಿತು. ಸೀಲಿಯಾ ಬಂದವರಿಗೆ ಕೈಯಿಂದಲೇ ಬಾರಿಸುತ್ತಾ, ಗಂಡನನ್ನು ತಬ್ಬಿಕೊಂಡು ಬಿಡಲಿಲ್ಲ. ಅವನು ರಾತ್ರೋರಾತ್ರಿ ಊರು ಬಿಟ್ಟು ಪಾರಾದ. ಆಲ್ಟನ್‌ಗೆ ಬಂದ ಮೇಲೆ ಬರೆದ ಪತ್ರದಲ್ಲಿ, ಗುಂಡು ತುಂಬಿದ ಬಂದೂಕು ಹಾಸಿಗೆ ಪಕ್ಕದಲ್ಲೇ ಇದೆ, ಇದಕ್ಕೆ ಮನಸ್ಸು ಒಪ್ಪುತ್ತಿರಲಿಲ್ಲ, ಬೇರೆ ದಾರಿ ಕಾಣಲಿಲ್ಲ ಅನ್ನುತ್ತಾನೆ.

ಒಂದು ಸಭೆ, ಒಂದು 'ರಾಜಿ'

ಅಕ್ಟೋಬರ್ 26ಕ್ಕೆ ಅಪ್ಪರ್ ಆಲ್ಟನ್‌ನಲ್ಲಿ ಗುಲಾಮಗಿರಿ ವಿರೋಧಿಗಳ ಸಮಾವೇಶ ಕರೆದಿದ್ದರು. ಇಲಿನಾಯ್ ಕಾಲೇಜಿನ ಅಧ್ಯಕ್ಷ ಎಡ್ವರ್ಡ್ ಬೀಚರ್‌ಗೆ ಒಂದು ಆಸೆ. ಬರೀ ನಮ್ಮವರು ಯಾಕೆ, ಮುಕ್ತ ಚರ್ಚೆ ಬೇಕೆನ್ನುವ ಎಲ್ಲರೂ ಬರಲಿ. ಬಂದರು ನೋಡಿ. ರಾಜ್ಯದ ಅಟಾರ್ನಿ ಜನರಲ್ ಅಷರ್ ಲಿಂಡರ್ ತನ್ನ ಕಡೆಯವರನ್ನೆಲ್ಲ ಕರೆದುಕೊಂಡು ಬಂದು, ನಾವೂ ಮುಕ್ತ ಚರ್ಚೆಯ ಗೆಳೆಯರೇ ಅಂತ ಕೂತ. ಬಹುಮತ ಅವರದ್ದಾಯಿತು. ತಮಗೆ ಬೇಕಾದ ನಿರ್ಣಯ ಪಾಸು ಮಾಡಿಕೊಂಡು ಸಮಾವೇಶವನ್ನೇ ಮುಚ್ಚಿ ಹೋದರು. ಸಂಘ ಕಟ್ಟಬೇಕಾದವರು ಒಬ್ಬ ಪಾದ್ರಿಯ ಮನೆಯಲ್ಲಿ ಸೇರಿ ಕಟ್ಟಿದರು. ಬೀಚರ್ ಒಳ್ಳೆಯವನು, ಆದರೆ ಇಷ್ಟು ಪೆದ್ದುತನ ಒಬ್ಬ ಕಾಲೇಜು ಅಧ್ಯಕ್ಷನಿಗೆ ಇರಬಾರದಿತ್ತು.

ನವೆಂಬರ್ 2ರಂದು ಊರಿನ ಮುಖಂಡರು ಒಂದು ಅಂಗಡಿಯಲ್ಲಿ ಸೇರಿದರು. ಬೀಚರ್ ಕೆಲವು ನಿರ್ಣಯ ಮಂಡಿಸಿದ: ಪತ್ರಿಕೆಯ ಅಭಿಪ್ರಾಯ ಒಪ್ಪಿ, ಬಿಡಿ, ಆದರೆ ಅದನ್ನು ಅಚ್ಚು ಹಾಕುವ ಹಕ್ಕು ಕಾಪಾಡೋಣ. ಅದನ್ನು ಪರಿಶೀಲಿಸಲು ಸಮಿತಿ ಮಾಡಿದರು, ಅಧ್ಯಕ್ಷ ಸೈರಸ್ ಎಡ್ವರ್ಡ್ಸ್, ರಾಜ್ಯದ ದೊಡ್ಡ ರಾಜಕಾರಣಿ. ಮರುದಿನ ಸಮಿತಿಯ ವರದಿ ಬಂತು. ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ರಾಜಿಯಾಗಬೇಕು. ಲವ್‌ಜಾಯ್ ಗೌರವದಿಂದ ಪತ್ರಿಕೆಯ ಸಂಬಂಧ ಕಡಿದುಕೊಳ್ಳಲಿ. ಇನ್ನೊಂದು ಕಡೆಯವರು ಏನು ಬಿಟ್ಟುಕೊಡಬೇಕು ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಪ್ರೆಸ್ಸು ಒಡೆದವರ ಬಗ್ಗೆ ತನಿಖೆ ಇಲ್ಲ, ಮುಂದೆ ಒಡೆಯುವುದಿಲ್ಲ ಅನ್ನೋ ಭರವಸೆಯೂ ಇಲ್ಲ. ಸಮಿತಿಯಲ್ಲಿ ಒಪ್ಪದವನು ಒಬ್ಬನೇ. ಮೇಲೆ ಹೇಳಿದೆನಲ್ಲ, ಗಿಲ್ಮನ್.

ಆಗ ಲವ್‌ಜಾಯ್ ಎದ್ದು ನಿಂತ. ಕೂಗಾಡಲಿಲ್ಲ. ನಾನು ಕಾನೂನು ಮುರಿದಿದ್ದರೆ ಇಲ್ಲಿ ಕೋರ್ಟಿದೆ, ಜ್ಯೂರಿಯಿದೆ, ವಿಚಾರಣೆ ಮಾಡಿ ಅಂದ. ಮುರಿದಿಲ್ಲವಾದರೆ ದಿನಾ ರಾತ್ರಿ ನನಗೆ ಯಾಕೆ ಹೊಂಚು ಹಾಕುತ್ತೀರಿ ಅಂತ ಕೇಳಿದ. ಇಲ್ಲಿಂದ ಓಡಿಹೋದರೆ ಎಲ್ಲಿಗೆ ಹೋದರೂ ಇದೇ ಗತಿ, ಆದ್ದರಿಂದ ಹೋಗುವುದಿಲ್ಲ, ಸತ್ತರೆ ನನ್ನ ಗೋರಿ ಆಲ್ಟನ್‌ನಲ್ಲೇ ಆಗಲಿ ಅಂದ. ಕಾಯಿಲೆಯ ಹೆಂಡತಿಯ ವಿಷಯಕ್ಕೆ ಬಂದಾಗ ಗಂಟಲು ಕಟ್ಟಿ ಅತ್ತುಬಿಟ್ಟ. ಸಭೆಯಲ್ಲಿ ಅವನ ವಿರೋಧಿಗಳೂ ಕಣ್ಣೊರೆಸಿಕೊಂಡರು ಅಂತ ಅಲ್ಲಿದ್ದವರು ಬರೆದಿದ್ದಾರೆ. ಅಷ್ಟು ಹೊತ್ತಿಗೆ ಯಾರಾದರೂ ಒಬ್ಬ ಎದ್ದು ಬೀಚರ್‌ನ ನಿರ್ಣಯವನ್ನೇ ಮತಕ್ಕೆ ಹಾಕೋಣ ಅಂದಿದ್ದರೆ? ಏಳಲಿಲ್ಲ. ಮತ್ತೆ ಮಾತಾಡಿದ್ದು ಲಿಂಡರ್. ಕಣ್ಣೀರು ಆರುವ ಮುಂಚೆ ಸಭೆ ಅವನ ಕಡೆಗೆ ತಿರುಗಿತ್ತು. ಸಮಿತಿಯ ವರದಿಗೇ ಊರಿನ ಒಪ್ಪಿಗೆ ಸಿಕ್ಕಿತು.

ನನ್ನ ಲೆಕ್ಕದಲ್ಲಿ ಪ್ರಕರಣ ತೀರ್ಮಾನವಾದದ್ದು ಇಲ್ಲಿ, ನವೆಂಬರ್ 3ರ ಹಗಲಿನಲ್ಲಿ. ಈ ಪತ್ರಿಕೆ ಇಲ್ಲಿ ಇರಕೂಡದು ಅಂತ ಊರಿನ ದೊಡ್ಡವರೇ ಬಹಿರಂಗವಾಗಿ ಹೇಳಿಯಾಯಿತು. ಇನ್ನುಳಿದದ್ದು ಕೈ ಕೆಲಸ. ಅದನ್ನು ಮಾಡುವುದಕ್ಕೆ ಹೆಂಡದಂಗಡಿಯಲ್ಲಿ ಜನಕ್ಕೇನು ಕೊರತೆ?

ನವೆಂಬರ್ 7

ನಾಲ್ಕನೇ ಪ್ರೆಸ್ಸು ಬೆಳಗಿನ ಜಾವ ಸುಮಾರು ಮೂರು ಗಂಟೆಗೆ 'ಮಿಸೌರಿ ಫುಲ್ಟನ್' ಹಬೆದೋಣಿಯಲ್ಲಿ ಬಂತು. ಕತ್ತಲಲ್ಲೇ ಇಳಿಸಿ, ಗಾಡ್‌ಫ್ರೆ ಮತ್ತು ಗಿಲ್ಮನ್ ಅವರ ಕಲ್ಲಿನ ಗೋದಾಮಿನ ಮೇಲಂತಸ್ತಿಗೆ ಸಾಗಿಸಿದರು. ಹಗಲಿಡೀ ಏನೂ ಆಗಲಿಲ್ಲ. ಸಂಜೆ ಕಾವಲಿಗೆ ಬಂದವರು ಸುಮಾರು 60 ಜನ. ಒಂಬತ್ತರ ಹೊತ್ತಿಗೆ, ಇವತ್ತು ಯಾರೂ ಬರುವುದಿಲ್ಲ ಅಂತ ಬಹಳಷ್ಟು ಜನ ಮನೆಗೆ ಹೋದರು. ಉಳಿದದ್ದು ಸುಮಾರು 20.

ಹತ್ತರ ಸುಮಾರಿಗೆ ಗುಂಪು ಬಂತು. ಬೆಳದಿಂಗಳ ರಾತ್ರಿ. ಪ್ರೆಸ್ಸು ಕೊಡಿ, ಯಾರಿಗೂ ಏನೂ ಮಾಡುವುದಿಲ್ಲ ಅಂದರು. ಗಿಲ್ಮನ್ ಆಗಲ್ಲ ಅಂದ. ಕಲ್ಲು, ಆಮೇಲೆ ಗುಂಡು, ಎರಡೂ ಕಡೆಯಿಂದ. ಗುಂಪಿನಲ್ಲಿದ್ದ ಲೈಮನ್ ಬಿಷಪ್ ಎಂಬ ಯುವಕ ಸತ್ತ. ಅವನ ಸಾವನ್ನೂ ಇಲ್ಲಿ ಬರೆಯಲೇಬೇಕು, ಒಳಗಿನಿಂದ ಹಾರಿದ ಗುಂಡು ಅದು. ಒಬ್ಬ ಪಾದ್ರಿಯ ಹೆಂಡತಿ ಚರ್ಚಿನ ಗಂಟೆ ಬಾರಿಸುತ್ತಲೇ ಇದ್ದಳು, ಊರು ಏಳಲಿ ಅಂತ. ಊರು ಎದ್ದಿತು, ಬಂದು ನೋಡುತ್ತಾ ನಿಂತಿತು. ಮೇಯರ್ ಕ್ರಮ್ ಒಳಗೆ ಬಂದು, ಪ್ರೆಸ್ಸು ಕೊಟ್ಟರೆ ಬಿಡುತ್ತಾರಂತೆ ಅನ್ನೋ ಸಂದೇಶ ತಲುಪಿಸಿದ. ನಮ್ಮ ಆಸ್ತಿ ಕಾಪಾಡಿಕೊಳ್ಳುವ ಹಕ್ಕು ನಮಗಿದೆಯೋ ಇಲ್ಲವೋ ಅಂತ ಕೇಳಿದರೆ, ಇದೆ ಅಂದ. ಹೊರಗೆ ಹೋಗಿ ಚದುರಿ ಅಂದ. ಯಾರೂ ಕೇಳಲಿಲ್ಲ. ಸಂದೇಶ ಒಯ್ಯುವುದು, ಚದುರಿ ಅನ್ನುವುದು ಬಿಟ್ಟರೆ ಅವನ ಬಳಿ ಬೇರೆ ಬಲವಿರಲಿಲ್ಲ.

ಗೋದಾಮಿನ ಒಂದು ಪಕ್ಕದ ಗೋಡೆಗೆ ಕಿಟಕಿಯೇ ಇರಲಿಲ್ಲ. ಅಲ್ಲಿ ಏಣಿ ಹಾಕಿ ಒಬ್ಬ ಚಾವಣಿಗೆ ಬೆಂಕಿ ಹಚ್ಚಲು ಹತ್ತಿದ. ಚಾವಣಿ ಮರದ್ದು. ಒಳಗಿನವರಿಗೆ ಹೊರಗೆ ಬರದೆ ಗತಿಯಿಲ್ಲ. ಲವ್‌ಜಾಯ್, ರಾಯಲ್ ವೆಲ್ಲರ್ ಇಬ್ಬರೂ ಮೊದಲು ಹೊರಗೆ ಬಂದು ಏಣಿ ಬೀಳಿಸಿ ಒಳಗೆ ಓಡಿದರು. ಏಣಿ ಮತ್ತೆ ಎದ್ದಿತು. ಎರಡನೇ ಸಲ ಬಾಗಿಲು ದಾಟಿದಾಗ, ಪಕ್ಕದಲ್ಲಿ ಪೇರಿಸಿದ್ದ ಮರದ ಮರೆಯಲ್ಲಿ ಬಂದೂಕು ಹಿಡಿದವರು ಕಾದಿದ್ದರು. ಐದು ಗುಂಡು. ಒಳಗೆ ಬಂದು ಬಿದ್ದವನು ಮತ್ತೆ ಏಳಲಿಲ್ಲ. ವೆಲ್ಲರ್‌ಗೂ ಗುಂಡು ತಗಲಿತು, ಬದುಕಿಕೊಂಡ.

ಉಳಿದವರು ಕೈಬಿಟ್ಟು ನದಿ ದಂಡೆಯ ಉದ್ದಕ್ಕೂ ಓಡಿದರು, ಹಿಂದೆ ಗುಂಡು ಹಾರುತ್ತಿತ್ತು. ಗುಂಪು ಒಳಗೆ ಹೋಗಿ ಪ್ರೆಸ್ಸನ್ನು ಕಿಟಕಿಯಿಂದ ಕೆಳಗೆ ಕೆಡವಿ, ಸುತ್ತಿಗೆಯಲ್ಲಿ ತುಂಡು ತುಂಡು ಮಾಡಿ ಮಿಸ್ಸಿಸಿಪ್ಪಿಗೆ ಎಸೆಯಿತು. ಬೆಂಕಿ ಆರಿಸಿದರು. ಗೋದಾಮಿನಲ್ಲಿ ಬೇರೆ ವ್ಯಾಪಾರಿ ಸರಕೆಲ್ಲ ಇತ್ತಲ್ಲ.

ಲವ್‌ಜಾಯ್‌ನನ್ನು ಮಣ್ಣು ಮಾಡಿದ್ದು ನವೆಂಬರ್ 9ಕ್ಕೆ, ಅವನಿಗೆ 35 ತುಂಬುವ ದಿನ. ಗೋರಿಯ ಮೇಲೆ ಗುರುತಿನ ಕಲ್ಲೂ ಇರಲಿಲ್ಲ.

ಬೇರೆ ದಾರಿ ಇತ್ತೇ?

ವಿಚಾರಣೆಯ ಫಲ ಊಹಿಸಬಹುದು. ಗಿಲ್ಮನ್ ಖುಲಾಸೆ, ಅವನ ಜೊತೆಯವರ ಕೇಸು ಕೈಬಿಟ್ಟರು. ಗುಂಪಿನವರೂ ಖುಲಾಸೆ. ಗಿಲ್ಮನ್ ವಿರುದ್ಧ ವಾದ ಮಾಡಿದವರಲ್ಲಿ ಅಟಾರ್ನಿ ಜನರಲ್ ಲಿಂಡರ್ ಇದ್ದ. ಕಾನೂನಿನ ಕಣ್ಣಿನಲ್ಲಿ ಆ ರಾತ್ರಿ ಯಾರೂ ತಪ್ಪು ಮಾಡಿರಲಿಲ್ಲ.

ಲವ್‌ಜಾಯ್ ಊರು ಬಿಟ್ಟು ಹೋಗಬಹುದಿತ್ತು. ಗೆಳೆಯರು ಇಲಿನಾಯ್‌ನಲ್ಲೇ ಬೇರೆ ಊರು ಹುಡುಕೋಣ ಅಂದದ್ದೂ ಉಂಟು. ಜೀವ ಉಳಿಯುತ್ತಿತ್ತು, ಸೀಲಿಯಾ ಚಿಕ್ಕ ವಯಸ್ಸಿಗೆ ವಿಧವೆಯಾಗುತ್ತಿರಲಿಲ್ಲ. ಆದರೆ ಒಂದು ಸಲ ಸೇಂಟ್ ಲೂಯಿಸ್‌ನಿಂದ ಓಡಿಬಂದವನು ಅವನು. ಓಡಿದರೆ ಏನಾಗುತ್ತದೆ ಅಂತ ಮೊದಲ ಪ್ರೆಸ್ಸೇ ತೋರಿಸಿಕೊಟ್ಟಿತ್ತು. ಬಂದೂಕು ಹಿಡಿದದ್ದು ಸರಿಯೇ ಅನ್ನೋದು ಕಷ್ಟದ ಪ್ರಶ್ನೆ. ಅವನ ಕಡೆಯವರಲ್ಲೇ ಭಿನ್ನಮತ ಬಂತು. ಅಹಿಂಸೆಯನ್ನು ನಂಬಿದ್ದ ಗ್ಯಾರಿಸನ್ ಅವನನ್ನು ಹುತಾತ್ಮ ಅಂತ ಕೊಂಡಾಡಿದರೂ ಆಯುಧ ಎತ್ತಿದ್ದಕ್ಕೆ ಬೇಸರಪಟ್ಟ. ನನಗೆ ಗ್ಯಾರಿಸನ್ ಜೊತೆ ಪೂರ್ತಿ ಒಪ್ಪಲು ಆಗುವುದಿಲ್ಲ. ಬರಿಗೈಯಲ್ಲಿ ಕೂತಿದ್ದಾಗ ಮೂರು ಪ್ರೆಸ್ಸು ಹೋಗಿದ್ದವು. ಆದರೆ ಬಿಷಪ್ ಸತ್ತ ಮೇಲೆ ಗುಂಪು ಹಿಂದೆ ಸರಿಯುವ ಸಾಧ್ಯತೆಯೇ ಉಳಿಯಲಿಲ್ಲ ಅನ್ನುವುದೂ ನಿಜ.

ಕೈಯಲ್ಲಿ ಏನಾದರೂ ಮಾಡುವ ಶಕ್ತಿ ಇದ್ದದ್ದು ನವೆಂಬರ್ 3ರ ಸಭೆಯಲ್ಲಿ ಕೂತಿದ್ದವರಿಗೆ. ಅವರ ಒಂದು ನಿರ್ಣಯ, ಹಗಲು ಹೊತ್ತು ಗೋದಾಮಿನ ಮುಂದೆ ಬಂದು ನಿಲ್ಲುವ ಐವತ್ತು ವ್ಯಾಪಾರಿಗಳು ಸಾಕಿತ್ತು. ಹತ್ತು ಹನ್ನೆರಡು ಜನ ಕರವಸ್ತ್ರ ಕಟ್ಟಿಕೊಂಡು ಬರುವ ಊರದು. ಅಂದರೆ ಗುರುತು ಸಿಕ್ಕೀತು ಅನ್ನೋ ಭಯ ಸೆಪ್ಟೆಂಬರ್‌ನಲ್ಲಿ ಇನ್ನೂ ಇತ್ತು. ನವೆಂಬರ್‌ನಲ್ಲಿ ಬೆಳದಿಂಗಳಲ್ಲಿ ಊರೆಲ್ಲ ನೋಡುತ್ತಿರುವಾಗಲೇ ಬಂದರು. ನಡುವೆ ಆದದ್ದು ಆ ಸಭೆ.

ಆಚೆಯ ಪರಿಣಾಮ ಮಾತ್ರ ಊರಿನವರ ಲೆಕ್ಕಕ್ಕೆ ಸಿಗದಷ್ಟು ದೊಡ್ಡದು. ಡಿಸೆಂಬರ್ 8ರಂದು ಬಾಸ್ಟನ್‌ನ ಫೆನ್ಯುಯಿಲ್ ಹಾಲ್‌ನಲ್ಲಿ ಸಭೆ. ಅಲ್ಲಿನ ಅಟಾರ್ನಿ ಜನರಲ್ ಎದ್ದು, ಆಲ್ಟನ್ ಗುಂಪು ನಮ್ಮ ಹಿರಿಯರು ಬ್ರಿಟಿಷರ ತೆರಿಗೆ ವಿರೋಧಿಸಿ ಸಮುದ್ರಕ್ಕೆ ಚಹಾ ಎಸೆದಂತೆಯೇ ಮಾಡಿದೆ ಅಂದ. ಅದಕ್ಕೆ ಉತ್ತರ ಕೊಡಲು ಎದ್ದ ವೆಂಡೆಲ್ ಫಿಲಿಪ್ಸ್ ಎಂಬ ಯುವ ವಕೀಲ ಆ ದಿನದಿಂದ ದೇಶದ ದೊಡ್ಡ ಭಾಷಣಕಾರನಾದ. 1838ರ ಜನವರಿ 27ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಾತಾಡಿದ ಲಿಂಕನ್, ಗುಂಪುಗಳು ಪ್ರೆಸ್ಸನ್ನು ನದಿಗೆ ಎಸೆದು ಸಂಪಾದಕರನ್ನು ಗುಂಡಿಕ್ಕಿ ಕೊಂದರೂ ಶಿಕ್ಷೆಯಾಗದಿದ್ದರೆ ಈ ಸರ್ಕಾರ ಉಳಿಯದು ಅಂದ. ಲವ್‌ಜಾಯ್ ಹೆಸರು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ತಮ್ಮ ಓವನ್ ಲವ್‌ಜಾಯ್ 1857ರಿಂದ ಸಾಯುವ ತನಕ ಸಂಸತ್ತಿನಲ್ಲಿ ಗುಲಾಮಗಿರಿ ವಿರುದ್ಧ ಮಾತಾಡಿದ, ಲಿಂಕನ್‌ಗೆ ಆಪ್ತನಾದ.

ಮೇಯರ್ ಕ್ರಮ್ ನದಿ ದಾಟಿ ಹೋಗಿ 1848ರಲ್ಲಿ ಸೇಂಟ್ ಲೂಯಿಸ್‌ಗೇ ಮೇಯರ್ ಆದ. ಇನ್ನು ಹ್ಯಾಮಿಲ್ಟನ್ ಗ್ಯಾಂಬಲ್, 1835ರಲ್ಲಿ ಸುಮ್ನಿರು ಅಂತ ಕಾಗದಕ್ಕೆ ಸಹಿ ಹಾಕಿದ ವಕೀಲ. 1852ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಬಿಡುಗಡೆಯ ಕೇಸು ಮಿಸೌರಿ ಸುಪ್ರೀಂ ಕೋರ್ಟಿಗೆ ಬಂದಾಗ ಅವನು ಅಲ್ಲಿ ನ್ಯಾಯಾಧೀಶ. ಉಳಿದಿಬ್ಬರು ಸ್ಕಾಟ್‌ಗೆ ಬಿಡುಗಡೆಯಿಲ್ಲ ಅಂದರು. ಒಪ್ಪದೆ ಬೇರೆ ತೀರ್ಪು ಬರೆದವನು ಗ್ಯಾಂಬಲ್ ಒಬ್ಬನೇ.